ಸಂಜೆ ಮಾಡುವವಳು

ವಿಚಾರ ಸಂಕಿರಣದ ಅರ್ಧದಷ್ಟು ಬ್ಯಾಡ್ಜುಗಳಿಗೆ ದಾರ ಪೋಣಿಸಿ ಆಗಿತ್ತು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಹಾಲಿನ ಪಾತ್ರೆಯ ಮೇಲೊಂದು ಕಣ್ಣಿಟ್ಟು ಉಳಿದವನ್ನು ಪೋಣಿಸುತ್ತಿದ್ದೆ. ಎಲ್ಲದರಲ್ಲೂ ಒಂದೊಂದು ಹೆಸರು, ಹೆಸರಿನ ಕೆಳಗೆ ‘ಸಂಶೋಧನಾರ್ಥಿ, ತತ್ತ್ವಶಾಸ್ತ್ರ ವಿಭಾಗ’ ಎಂದು ಅಚ್ಚಾಗಿತ್ತು. ನನ್ನದು ಕಟ್ಟಿನ ತಳದಲ್ಲಿ ಸಿಕ್ಕಿತು. ಅದರಲ್ಲಿ ‘ಕುಮುದಕ್ಕ’ ಎಂದಷ್ಟೇ ಇತ್ತು. ಕೆಳಗೆ ‘ಊಟ, ಉಪಚಾರ’. ನಾನೂ ಅವರ ಹಾಗೆಯೇ ಪ್ರವೇಶ ಪರೀಕ್ಷೆ ಬರೆದು, ಫೀಸು ಕಟ್ಟಿ ಸೇರಿದವಳು. ಆದರೆ ನಲವತ್ತೇಳರ ಹೆಂಗಸೊಬ್ಬಳು ಇಪ್ಪತ್ತೈದರ ಹುಡುಗರ ನಡುವೆ ಹೋಗಿ ಕೂತರೆ ಅವಳ ಕೈಗೆ ತಾನಾಗಿಯೇ ಸೌಟು ಬಂದು ಸೇರುತ್ತದೆ. ಆ ಬ್ಯಾಡ್ಜನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾಗ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

"ಉಕ್ತಾ?" ಎಂದರು ನನ್ನ ಗಂಡ ಪೇಪರಿನ ಹಿಂದಿನಿಂದ.

"ಉಕ್ತು."

"ಕಾಯೋದರ ಬಗ್ಗೆ ಅಷ್ಟೊಂದು ಪುಟ ಬರೆದವಳ ಕೈಲೂ ಹಾಲು ಉಕ್ಕುತ್ತೆ ಅಂದ್ರೆ ನಮ್ಮಂಥವರ ಗತಿ ಏನು." ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಪೇಪರು ಮಡಚಿ, ಸ್ವಲ್ಪ ಮೆತ್ತಗೆ ಕೇಳಿದರು, "ಈ ಸಲನಾದ್ರೂ ಓದಕ್ಕೆ ಬಿಡ್ತಾರೇನೆ?"

"ಓದಲೇಬೇಕು. ಈ ತಿಂಗಳಿಗೆ ನನ್ನ ನೋಂದಣಿ ಮುಗಿಯುತ್ತಲ್ಲ."

ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಯಾವುದಾದರೂ ವಿಚಾರ ಸಂಕಿರಣದಲ್ಲಿ ಒಂದು ಪತ್ರಿಕೆ ಓದಿರಲೇಬೇಕು ಎಂಬುದು ವಿಶ್ವವಿದ್ಯಾಲಯದ ನಿಯಮ. ನಮ್ಮ ವಿಭಾಗದ ಸಂಶೋಧನಾ ವಿದ್ಯಾರ್ಥಿಗಳು ವರ್ಷಕ್ಕೊಂದು ಸಂಕಿರಣ ಮಾಡುತ್ತಾರೆ. ಮೂರು ವರ್ಷದಿಂದ ಅದರಲ್ಲಿ ನನ್ನ ಪತ್ರಿಕೆ ಇದೆ, ಮೂರು ವರ್ಷವೂ ಅದು ದಿನದ ಕೊನೆಯದು, ಮೂರು ವರ್ಷವೂ ಹೊತ್ತು ಮೀರಿತೆಂದು ಅದನ್ನು ಬಿಟ್ಟಿದ್ದಾರೆ. ಪ್ರತಿ ಸಲವೂ ಒಂದು ಪ್ರಶಸ್ತಿಪತ್ರ ಕೊಟ್ಟು ಕಳಿಸಿದರು, ‘ಯಶಸ್ವಿ ಸಂಘಟನೆಗಾಗಿ’ ಅಂತ. ಸಂಘಟನೆ ಎಂದರೆ ಚಿತ್ರಾನ್ನ, ಕೇಸರಿಬಾತು, ಎರಡು ಹೊತ್ತಿನ ಕಾಫಿ. ಆ ಕಾಗದಗಳನ್ನು ಹಿಡಿದು ವಿಶ್ವವಿದ್ಯಾಲಯದ ಕಚೇರಿಗೂ ಹೋಗಿದ್ದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಬೇಸರವಿಲ್ಲದೆ ವಿವರಿಸಿದರು. "ಅಡುಗೆ ಮಾಡಿಸಿದ್ದು ನಡೆಯಲ್ಲ ಮೇಡಂ. ಸಭೆಯಲ್ಲಿ, ಅಧ್ಯಕ್ಷರ ಎದುರಿಗೆ, ಮೊದಲಿಂದ ಕೊನೇವರೆಗೆ ಓದಿರಬೇಕು. ಅಷ್ಟೇ ನಿಯಮ. ಚೆನ್ನಾಗಿರಬೇಕು ಅಂತೇನೂ ಇಲ್ಲ."

"ಸರಿ, ಓದಿ ಸಂಜೆ ಬೇಗ ಬಂದ್ಬಿಡು," ಎಂದರು ನನ್ನ ಗಂಡ.

"ಸಂಜೆ ಆಗೋದೇ ನಾನು ಬಾಯಿ ಬಿಟ್ಟ ಮೇಲೆ. ಅದಕ್ಕಿಂತ ಬೇಗ ಹೇಗ್ರೀ ಬರಲಿ?"

ನಮ್ಮೂರಿನಲ್ಲಿ ಒಂದು ಸಭೆ ಶುರುವಾಯಿತೆಂದರೆ ಅದರ ವಂದನಾರ್ಪಣೆ ಮುಗಿಯುವ ತನಕ ಹೊತ್ತು ಮುಳುಗುವುದಿಲ್ಲ. ಗಡಿಯಾರ ತನ್ನ ಪಾಡಿಗೆ ಓಡುತ್ತಿರುತ್ತದೆ. ಸೂರ್ಯ ಮಾತ್ರ ಪಶ್ಚಿಮಕ್ಕಿರುವ ಹೆಂಚಿನ ಕಾರ್ಖಾನೆಯ ಚಿಮಣಿಯ ತುದಿಗೆ ಬಂದು, ಒಲೆಯ ಮೇಲೆ ಮರೆತ ಪಾತ್ರೆಯ ಹಾಗೆ ಕೂತುಬಿಡುತ್ತಾನೆ. ಅದಕ್ಕೇ ನಮ್ಮಲ್ಲಿ ಮದುವೆಮನೆಯಲ್ಲಿ ಯಾರಿಗೂ ಮೈಕು ಕೊಡುವುದಿಲ್ಲ. ಚುನಾವಣೆಗೆ ನಿಂತವರು ಕೈಮುಗಿದು ನಡೆದು ಹೋಗುತ್ತಾರೆ, ಭಾಷಣ ಮಾಡಿದವನಿಗೆ ಠೇವಣಿ ಉಳಿಯುವುದಿಲ್ಲ. ಶಾಲೆಯ ವಾರ್ಷಿಕೋತ್ಸವವನ್ನು ಬೆಳಗಿನ ತಿಂಡಿಗೆ ಮುಂಚೆಯೇ ಮುಗಿಸುತ್ತಾರೆ. ಯಾರಾದರೂ ನಿವೃತ್ತರಾದರೆ ಬೀಳ್ಕೊಡುಗೆಯ ಬದಲು ಮನೆಗೊಂದು ಹಣ್ಣಿನ ಬುಟ್ಟಿ ಕಳಿಸುತ್ತಾರೆ. ಇಷ್ಟೆಲ್ಲ ಮಾಡಿಯೂ ವರ್ಷಕ್ಕೆ ಎರಡು ಮೂರು ಸಲ ಊರು ಬಿಸಿಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಹಸುಗಳು ಹಾಲು ಇಳಿಸುವುದಿಲ್ಲ. ಮಕ್ಕಳು ಆಟ ಬಿಟ್ಟು ಒಳಗೆ ಬರುವುದಿಲ್ಲ. ಮಲ್ಲಿಗೆ ಕಟ್ಟುವವರು ಬಾಡಿದ ಮೊಗ್ಗಿಗೆ ನೀರು ಚಿಮುಕಿಸುತ್ತ ಭಾಷಣಕಾರನ ವಂಶವನ್ನೆಲ್ಲ ಬೈಯುತ್ತಾರೆ.

ವಂದನಾರ್ಪಣೆಯ ನಡುವೆ ಬಾಯಿ ಹಾಕುವವರು ಮಾತ್ರ ನಮ್ಮೂರಿನಲ್ಲಿ ಯಾರೂ ಇಲ್ಲ. ನಾನು ಮದುವೆಯಾಗಿ ಬಂದ ವರ್ಷ ಸಹಕಾರ ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ವಂದನೆ ಹೇಳುತ್ತಿದ್ದಾಗ, ತಮ್ಮ ಹೆಸರು ಬರಲಿಲ್ಲವೆಂದು ನಿರ್ದೇಶಕರೊಬ್ಬರು ಎದ್ದು ಕೂಗಾಡಿದರು. ಕಾರ್ಯದರ್ಶಿಗಳು ಮೈಕು ಮೇಜಿನ ಮೇಲೆ ಕುಕ್ಕಿ ಮನೆಗೆ ಹೋಗಿ ಕದ ಹಾಕಿಕೊಂಡರು. ವಂದನೆ ಅರ್ಧಕ್ಕೆ ನಿಂತಿತು, ಸೂರ್ಯನೂ ನಿಂತ. ಊರ ಹಿರಿಯರು ಅವರ ಜಗಲಿಯಲ್ಲಿ ಕೂತು ಬೇಡಿಕೊಂಡರು, ಕಾಲು ಹಿಡಿಯುವುದೊಂದು ಬಾಕಿ. ಅಂತೂ ಅವರು ಬಂದು ಉಳಿದ ಹೆಸರುಗಳನ್ನು ಹೇಳುವ ಹೊತ್ತಿಗೆ ಬೇರೆ ಊರಿನಲ್ಲೆಲ್ಲ ಒಂದು ರಾತ್ರಿ ಕಳೆದು ಇನ್ನೊಂದು ಬಂದಿತ್ತು. ಅವತ್ತಿನಿಂದ ವಂದನಾರ್ಪಣೆಯಲ್ಲಿ ಕೆಮ್ಮು ಬಂದರೂ ಜನ ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಾರೆ.

ನಮ್ಮ ಸಂಕಿರಣದ ವಂದನಾರ್ಪಣೆ ಯಾವಾಗಲೂ ನನ್ನದೇ. ಯಾರಿಗೆ ಯಾವ ಪದವಿ ಹೇಳಬೇಕು, ಯಾರ ಹೆಸರು ಬಿಟ್ಟರೆ ರಾದ್ಧಾಂತವಾಗುತ್ತದೆ ಎನ್ನುವುದು ನನಗೆ ಬಾಯಿಪಾಠ. "ಕುಮುದಕ್ಕ ಹೇಳಿದರೆ ಹೊತ್ತು ಸೊಗಸಾಗಿ ಮುಳುಗುತ್ತೆ," ಎಂದು ಹೂವಿನವಳೂ ಹೊಗಳಿದ್ದಳು. ಹೊಗಳಿಕೆಗೇನೂ ಕಡಿಮೆಯಿರಲಿಲ್ಲ.

ಈ ವರ್ಷ ವಿಭಾಗದವರು ಸಂಕಿರಣವನ್ನು ರಂಜಾನ್ ತಿಂಗಳಲ್ಲಿ ಇಟ್ಟರು. ಆ ತಿಂಗಳು ನಮ್ಮೂರಿನಲ್ಲಿ ಯಾರೂ ಸಭೆ ಮಾಡುವುದಿಲ್ಲ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಒಂದು ಮರ್ಯಾದೆ. ಗಡಿಯಾರ ನೋಡಿ ರೋಜಾ ಉಪವಾಸ ಬಿಡುವ ಹಾಗಿಲ್ಲವಲ್ಲ, ಸೂರ್ಯ ಮುಳುಗಿಯೇ ಬಿಡಬೇಕು. ಸಿದ್ಧತೆಯ ಸಭೆಯಲ್ಲಿ ನಾನು ಇದನ್ನು ಎತ್ತಿದೆ. ಆಶಯ ಭಾಷಣದ ಪ್ರೊಫೆಸರು ಬೇರೆ ತಿಂಗಳು ಸಿಗುವುದಿಲ್ಲ ಎಂದ ಯತಿರಾಜ. ಅವನು ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ನನ್ನ ಮಗಳ ವಯಸ್ಸಿನವನು, ತಲೆಗೆ ಜುಟ್ಟು ಕಟ್ಟುತ್ತಾನೆ. "ನಾಲ್ಕಕ್ಕೆಲ್ಲ ಮುಗಿಸ್ತೀವಿ ಅಕ್ಕಾ, ನೀವು ಊಟದ್ದೊಂದು ನೋಡ್ಕೊಳಿ." ವಿಭಾಗದ ಮುಖ್ಯಸ್ಥರಾದ ಶ್ರೀಕಂಠಸ್ವಾಮಿ ಮೇಷ್ಟ್ರು, "ತತ್ತ್ವಶಾಸ್ತ್ರಕ್ಕೆ ತಿಥಿವಾರ ಇರೋದಿಲ್ಲ ಕುಮುದಮ್ಮ," ಎಂದು ಮುಗಿಸಿದರು. ತಮ್ಮ ಮಗಳ ನಿಶ್ಚಿತಾರ್ಥವನ್ನು ಇದೇ ಮೇಷ್ಟ್ರು ಆಷಾಢವೆಂದು ಮುಂದೆ ಹಾಕಿದ್ದರು.

ಮೆಹರುನ್ನಿಸಾಳಿಗೆ ಇದನ್ನು ನಾನೇ ಹೋಗಿ ಹೇಳಬೇಕಾಯಿತು. ನಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ನಾನು ಈ ಊರಿಗೆ ಬಂದಾಗ ಮೊದಲು ಗೆಳತಿಯಾದವಳು. ನನ್ನ ಪತ್ರಿಕೆಯನ್ನು ಪೂರ್ತಿ ಕೇಳಿರುವುದೂ ಅವಳೊಬ್ಬಳೇ. ರವಿಕೆಗೆ ಕೊಕ್ಕೆ ಹಚ್ಚುತ್ತ ಕೇಳಿದ್ದಳು. ಕಾಯುವವರು ಏನೂ ಮಾಡುತ್ತಿಲ್ಲ ಎಂದು ನಮ್ಮ ಶಾಸ್ತ್ರದ ದೊಡ್ಡವರೆಲ್ಲ ತಿಳಿದಿದ್ದಾರೆ, ಆದರೆ ಹಾಲಿನ ಮುಂದೆ ನಿಂತವಳು ಅಲ್ಲಿಂದ ಕದಲುವ ಹಾಗಿಲ್ಲ, ಬೇರೊಂದಕ್ಕೆ ಮನಸ್ಸು ಕೊಡುವ ಹಾಗಿಲ್ಲ, ಅಂದಮೇಲೆ ಕಾಯುವುದೂ ಒಂದು ಕೆಲಸವೇ, ಅದನ್ನು ಯಾರು ಯಾರ ಮೇಲೆ ಹೊರಿಸುತ್ತಾರೆ ಎಂದು ನೋಡಬೇಕು ಎಂಬುದು ನನ್ನ ವಾದ. ಕೇಳಿ ಮುಗಿಸಿ ಮೆಹರೂ ದಾರ ಕಚ್ಚಿ ತುಂಡು ಮಾಡಿ, "ಇದನ್ನ ಹೇಳಕ್ಕೆ ಆರು ವರ್ಷ ಓದಿದ್ಯಾ?" ಎಂದಿದ್ದಳು. ಇನ್ನೊಂದು ಕೊಕ್ಕೆ ಕೈಗೆತ್ತಿಕೊಂಡು, "ಆ ಆಸ್ಪತ್ರೆ ಬೆಂಚಿನ ಭಾಗ ಇನ್ನೊಂದ್ಸಲ ಓದು," ಎಂದೂ ಅಂದಿದ್ದಳು. ಸಂಕಿರಣದ ದಿನಾಂಕ ಕೇಳಿದಾಗ ಮಾತ್ರ ತಲೆ ಚಚ್ಚಿಕೊಂಡಳು. "ನಿಮ್ಮ ಹುಡುಗರಿಗೆ ಬುದ್ಧಿ ಇಲ್ವಾ? ಅಲ್ಲ, ಬುದ್ಧಿ ಇರೋರೇ ಅಲ್ವಾ ಅಲ್ಲಿಗೆ ಬರೋದು."

ಬೆಳಿಗ್ಗೆ ಹತ್ತಕ್ಕೆ ಶುರುವಾಗಬೇಕಾದ್ದು ಹನ್ನೊಂದಕ್ಕೆ ಶುರುವಾಯಿತು. ಆಶಯ ಭಾಷಣದ ಪ್ರೊಫೆಸರು, "ನಾನು ಹೆಚ್ಚು ಮಾತಾಡೋದಿಲ್ಲ," ಎಂದು ಆರಂಭಿಸಿದರು. ಆ ಮಾತು ಕೇಳಿದ ಕೂಡಲೇ ಊರಿನವರಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರತಿ ಪತ್ರಿಕೆಗೆ ಇಪ್ಪತ್ತು ನಿಮಿಷವೆಂದು ಗೊತ್ತುಮಾಡಿ, ಸಮಯ ಮುಗಿದಾಗ ಬಾರಿಸಲು ನನ್ನ ಕೈಗೆ ಗಂಟೆ ಕೊಟ್ಟಿದ್ದರು. ಗಂಟೆಯೂ ನನ್ನದೇ, ದೇವರ ಮನೆಯಿಂದ ತಂದದ್ದು. ಮೊದಲ ಪತ್ರಿಕೆಯೇ ಯತಿರಾಜನದು, ಕಾಲ ಎಂಬುದು ಇಲ್ಲವೇ ಇಲ್ಲ ಅಂತ. ಇಪ್ಪತ್ತು ನಿಮಿಷಕ್ಕೆ ಗಂಟೆ ಬಾರಿಸಿದೆ. "ಯಾವ ಸಮಯ ಮುಗಿಯಿತು ಅಕ್ಕಾ? ಅದನ್ನೇ ತಾನೇ ನಾನು ಕೇಳ್ತಿರೋದು?" ಎಂದ. ಸಭೆ ಘೊಳ್ಳೆಂದು ನಕ್ಕಿತು. ಮೇಷ್ಟ್ರಂತೂ ಮೇಜು ತಟ್ಟಿದರು. ಅವನು ಇನ್ನೂ ಒಂದು ಗಂಟೆ ಓದಿದ. ನಾನು ಮತ್ತೆ ಮತ್ತೆ ಬಾರಿಸಿದೆ. ಕೊನೆಗೆ ಹಿಂದಿನ ಸಾಲಿನಲ್ಲಿ ಯಾರೋ, "ಮಂಗಳಾರತಿ ಆಯ್ತೇನ್ರೀ?" ಎಂದರು.

ಓದುವವರಾದರೂ ಒಂದು ಕಡೆ ನಿಲ್ಲುತ್ತಾರೆ, ಕಾಗದ ಮುಗಿಯುತ್ತದೆ. ಪ್ರಶ್ನೆ ಕೇಳುವವರಿಗೆ ಆ ಕಟ್ಟೂ ಇಲ್ಲ. ಪರ ಊರಿನಿಂದ ಬಂದಿದ್ದ ಅನಿರುದ್ಧ ಎಂಬ ಸಂಶೋಧಕ ಪ್ರತಿ ಪತ್ರಿಕೆಯ ನಂತರ ಎದ್ದು, "ಇದು ಪ್ರಶ್ನೆ ಅಲ್ಲ, ಒಂದು ಸಣ್ಣ ಅನಿಸಿಕೆ," ಎನ್ನುತ್ತಿದ್ದ. ಅನಿಸಿಕೆಗೆ ಮೂರು ಭಾಗಗಳಿರುತ್ತಿದ್ದವು, ಎರಡನೆಯ ಭಾಗಕ್ಕೆ ಮತ್ತೆ ಒಳಭಾಗಗಳಿರುತ್ತಿದ್ದವು. ಅದಕ್ಕೆ ಉತ್ತರಿಸಲು ಹೊರಟವನು, "ಒಂದು ಅರ್ಥದಲ್ಲಿ ನೀವು ಹೇಳಿದ್ದು ಸರಿ," ಎನ್ನುತ್ತಿದ್ದ. ಉಳಿದ ಅರ್ಥಗಳನ್ನೆಲ್ಲ ಮುಗಿಸದೆ ಅವನು ಕೂರುವ ಹಾಗಿರಲಿಲ್ಲ. ಊಟ ಆರಿತು. ಕೇಸರಿಬಾತು ಗಟ್ಟಿಯಾಗಿ ಚಾಕುವಿನಲ್ಲಿ ಕೊಯ್ಯಬೇಕಾಯಿತು. ಬಡಿಸುವಾಗ ಅನಿರುದ್ಧ ನನ್ನ ಬ್ಯಾಡ್ಜು ನೋಡಿ, "ಅಕ್ಕಾ, ಊಟ ತುಂಬಾ ಚೆನ್ನಾಗಿದೆ. ನೀವು ಒಂದು ಸೆಷನ್ ಆದ್ರೂ ಒಳಗೆ ಕೂತು ಕೇಳ್ಬೇಕಿತ್ತು, ಸರಳವಾಗೇ ಇರುತ್ತೆ," ಎಂದ. ಬೆಳಗಿನಿಂದ ಅವನ ಮೂರು ಗಜ ದೂರದಲ್ಲಿ ಗಂಟೆ ಹಿಡಿದು ಕೂತಿದ್ದವಳು ನಾನು. ಅವನ ತಟ್ಟೆಗೆ ಇನ್ನೊಂದು ತುಂಡು ಕೇಸರಿಬಾತು ಹಾಕಿದೆ. ಹಾಕುವಾಗ ಸೌಟು ತಟ್ಟೆಗೆ ಸ್ವಲ್ಪ ಜೋರಾಗಿಯೇ ತಗುಲಿತು.

ಮಧ್ಯಾಹ್ನದ ಗೋಷ್ಠಿಯಲ್ಲಿ ಸೂರ್ಯ ಚಿಮಣಿಗೆ ಬಂದ. ಸಭಾಂಗಣದ ಪಶ್ಚಿಮದ ಕಿಟಕಿಗಳಿಂದ ಬಿಸಿಲು ನೇರವಾಗಿ ವೇದಿಕೆಗೆ ಬೀಳುತ್ತಿತ್ತು. ಪರ ಊರಿನವರಿಗೆ ಇದೆಲ್ಲ ಮಜಾ. ಕೈಗಡಿಯಾರ ನೋಡಿ, ಕಿಟಕಿ ನೋಡಿ, ಫೋಟೋ ತೆಗೆದುಕೊಂಡರು. "ನಿಮ್ಮೂರಲ್ಲಿ ಚರ್ಚೆಗೆ ಎಷ್ಟು ಅವಕಾಶ!" ಎಂದರು ಪ್ರೊಫೆಸರು. ಗಡಿಯಾರದ ಪ್ರಕಾರ ಸೂರ್ಯ ಮುಳುಗಬೇಕಾದ ಹೊತ್ತು ಕಳೆದು ಒಂದು ಗಂಟೆಯಾಗಿತ್ತು, ಆಮೇಲೆ ಎರಡಾಯಿತು. ಹೊರಗೆ ಜನ ಸೇರತೊಡಗಿದರು. ಹೂವಿನವರು, ಹಾಲಿನವರು, ರಾತ್ರಿ ಬಸ್ಸಿನ ಡ್ರೈವರು. ಕಾಂಪೌಂಡಿನ ಗೋಡೆಯ ಬುಡದಲ್ಲಿ ತಲೆಗೆ ಸೆರಗು ಹೊದ್ದ ಹೆಂಗಸರು ಸಾಲಾಗಿ ಕೂತಿದ್ದರು. ಮಡಿಲಲ್ಲಿ ಖರ್ಜೂರದ ಡಬ್ಬಿ, ಪಕ್ಕದಲ್ಲಿ ನೀರಿನ ಬಾಟಲಿ. ಅವರಲ್ಲಿ ಮೆಹರೂನೂ ಇದ್ದಳು. ಮನೆಯಲ್ಲಿ ಕೂತು ಚಿಮಣಿ ನೋಡುವುದಕ್ಕಿಂತ ಇಲ್ಲೇ ಬಂದು ಕೂತರೆ ಒಳಗಿನವರಿಗೆ ನಾಚಿಕೆಯಾದರೂ ಆದೀತೆಂದು ಬಂದಿದ್ದರು. ಒಳಗಿನವರಿಗೆ ನಾಚಿಕೆಯಾಗಲಿಲ್ಲ. ಅನಿರುದ್ಧ ತನ್ನ ಅನಿಸಿಕೆಯ ಮೂರನೆಯ ಭಾಗದಲ್ಲಿದ್ದ.

ಅಂತೂ ಅವನು ಕೂತ. ಉಳಿದದ್ದು ನನ್ನ ಪತ್ರಿಕೆ ಒಂದೇ. ನಾನು ಚೀಲದಿಂದ ಹಾಳೆಗಳನ್ನು ತೆಗೆದು, ಸೆರಗು ಸರಿಮಾಡಿಕೊಂಡು ಎದ್ದೆ. ಅಷ್ಟರಲ್ಲಿ ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಇಡೀ ದಿನದಲ್ಲಿ ಮೊದಲ ಸಲ ನೋಡಿದರು. ಅವರ ಮುಖ ಕರಗಿ ನೀರಾಯಿತು.

"ಛೆ ಛೆ. ಹೊರಗೆ ನೋಡಿ. ಪಾಪ, ಉಪವಾಸ ಇದ್ದವರು ಬಿಸಿಲಲ್ಲಿ ಕೂತಿದ್ದಾರೆ. ನಾವು ಇಲ್ಲಿ ಚರ್ಚೆ ಮಾಡ್ತಾ ಕೂರೋದು ಮಾನವೀಯತೆ ಅಲ್ಲ. ಕುಮುದಮ್ಮ, ನೀವು ಸೂಕ್ಷ್ಮ ಮನಸ್ಸಿನವರು, ನಿಮಗೆ ನಾನು ಹೇಳಬೇಕಾಗಿಲ್ಲ."

"ಸರ್, ಈ ತಿಂಗಳಿಗೆ ನನ್ನ ನೋಂದಣಿ ಮುಗಿಯುತ್ತೆ. ಇಪ್ಪತ್ತು ನಿಮಿಷ ಅಷ್ಟೆ. ಗಂಟೆ ನನ್ನ ಹತ್ತಿರವೇ ಇದೆ."

"ಅದನ್ನ ಏನಾದರೂ ಮಾಡೋಣ, ಕಾಗದ ಬರೆದು ಕೇಳೋಣ," ಎಂದರು ಮೇಷ್ಟ್ರು. ಅವರ ಈ ‘ಮಾಡೋಣ’ವನ್ನು ನಾನು ಮೂರು ವರ್ಷದಿಂದ ಬಲ್ಲೆ. ಯತಿರಾಜ ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕಾ, ಪ್ಲೀಸ್. ವಂದನಾರ್ಪಣೆ ಮಾಡಿಬಿಡಿ. ಎರಡೇ ನಿಮಿಷ. ಜನ ಬೈತಾರೆ."

"ಬೆಳಿಗ್ಗೆ ನಾನು ಗಂಟೆ ಬಾರಿಸಿದಾಗ ಈ ಜನ ಎಲ್ಲಿದ್ರಪ್ಪಾ?"

"ಅದು ಬೇರೆ ಅಕ್ಕಾ," ಎಂದ. ಹೇಗೆ ಬೇರೆ ಎನ್ನುವುದನ್ನು ಮಾತ್ರ ಆ ಹುಡುಗ ವಿವರಿಸಲಿಲ್ಲ. ಉಳಿದದ್ದನ್ನೆಲ್ಲ ವಿವರಿಸಿದ್ದ.

ಹೆಸರುಗಳ ಚೀಟಿ ತರುತ್ತೇನೆಂದು ನೆಪ ಹೇಳಿ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ. ಮೇಷ್ಟ್ರ ಮಾತು ಸುಳ್ಳಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಅದು ಸುಳ್ಳಲ್ಲ. ಹೆಂಗಸರು ನಿಜವಾಗಿಯೂ ಬಿಸಿಲಲ್ಲಿ ಕೂತಿದ್ದರು, ತುಟಿಗಳು ಒಣಗಿದ್ದವು. ಹಸಿದವರನ್ನು ತೋರಿಸಿ ಕೂರು ಎಂದರೆ ಯಾವ ಹೆಂಗಸು ಓದುತ್ತಾಳೆ? ಇದು ಅವರಿಗೆ ಚೆನ್ನಾಗಿ ಗೊತ್ತು.

ನನ್ನನ್ನು ನೋಡಿ ಮೆಹರೂ ಎದ್ದು ಬಂದಳು. "ಓದಿದ್ಯಾ?"

"ಇಲ್ಲ."

"ಯಾಕೆ?"

"ನೀನು ಹಸಿದಿದ್ದೀಯಂತೆ."

"ಯಾರು ಹೇಳಿದ್ದು?"

"ನಮ್ಮ ಮೇಷ್ಟ್ರು."

ಮೆಹರೂ ಒಣಗಿದ ತುಟಿಯಲ್ಲೇ ನಕ್ಕಳು. "ಬೆಳಿಗ್ಗೆ ಆ ಜುಟ್ಟಿನವನು ಮಾತಾಡುವಾಗ ನನಗೆ ಹೊಟ್ಟೆ ತುಂಬಿತ್ತಂತಾ?" ಆಮೇಲೆ ನಗು ನಿಲ್ಲಿಸಿದಳು. "ನನ್ನ ರೋಜಾ ತಗೊಂಡು ಹೋಗಿ ನಿನ್ನ ಬಾಯಿಗೆ ತುರುಕ್ತಾರಲ್ಲೇ. ಏನು ಧೈರ್ಯ ಅವರಿಗೆ! ಹೋಗು, ಓದು."

"ತೆಗೆದುಹಾಕಿ ಆಯ್ತು. ಬರೀ ವಂದನಾರ್ಪಣೆ ಅಂತೆ."

"ಹಾಗಾದ್ರೆ ಅದನ್ನಾದ್ರೂ ನಿಧಾನವಾಗಿ ಹೇಳು. ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮಾತಾಡ್ತೀಯ ಯಾವಾಗಲೂ." ಗೋಡೆಯ ಬಳಿ ಕೂತಿದ್ದವರ ಕಡೆ ತಲೆಯಾಡಿಸಿದಳು. "ಅವರಿಗೆ ನಾನು ಹೇಳ್ತೀನಿ. ಕಂಡೋರಿಗೆ ಎರಡು ಗಂಟೆ ಕೊಟ್ಟು ಕೂತಿದೀವಿ, ನಿನಗೆ ಇನ್ನೊಂದು ಸ್ವಲ್ಪ ಹೊತ್ತು ಕೊಡಕ್ಕೆ ನಮಗೇನು ಧಾಡಿ?" ಹಾಗೆಂದು ತಿರುಗಿ ನೋಡದೆ ಹೋಗಿ ತನ್ನ ಜಾಗದಲ್ಲಿ ಕೂತಳು. ಅವಳು ಬಗ್ಗಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳುವುದೂ, ಅವಳು ತನ್ನ ಪಕ್ಕದವಳಿಗೆ ದಾಟಿಸುವುದೂ ಕಾಣಿಸಿತು. ಕೊನೆಯಲ್ಲಿದ್ದ ಮುದುಕಿ ನನ್ನ ಕಡೆ ನೋಡಿ, ಖರ್ಜೂರದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಕಾಲು ಚಾಚಿ ಕೂತಳು.

ನಾನು ಒಳಗೆ ಹೋಗಿ ಮೈಕಿನ ಮುಂದೆ ನಿಂತೆ. "ಈಗ ವಂದನಾರ್ಪಣೆ," ಎಂದ ಯತಿರಾಜ. ಅಷ್ಟು ಸಾಕಾಯಿತು. ಬೆಳಗಿನಿಂದ ಪಿಸುಗುಡುತ್ತಿದ್ದ ಸಭೆ ತೆಪ್ಪಗಾಯಿತು. ಬಾಗಿಲಲ್ಲಿ ನಿಂತಿದ್ದ ಹಾಲಿನವರು ಚಪ್ಪಲಿ ಕಳಚಿ ಒಳಗೆ ಬಂದರು. ಡ್ರೈವರು ತಲೆಯ ಮೇಲಿನ ಟವೆಲು ತೆಗೆದು ಬಾಯಿಗೆ ಅಡ್ಡ ಹಿಡಿದ. ಅಧ್ಯಕ್ಷರ ಕುರ್ಚಿಯಲ್ಲಿ ಮೇಷ್ಟ್ರು ಕೈಕಟ್ಟಿ, ಇನ್ನು ಕದಲುವಂತಿಲ್ಲ ಎಂದು ಗೊತ್ತಿರುವವರ ಹಾಗೆ ನೆಟ್ಟಗೆ ಕೂತರು. ಅನಿರುದ್ಧ ಏನೋ ಹೇಳಹೊರಟಾಗ ಪಕ್ಕದಲ್ಲಿದ್ದ ಊರಿನ ಹುಡುಗ ಅವನ ತೊಡೆ ಚಿವುಟಿದ. ಇಷ್ಟು ಜನ, ಇಷ್ಟು ಶಾಂತವಾಗಿ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ವರ್ಷ ವರ್ಷವೂ ಇಲ್ಲಿ ನಿಂತಿದ್ದೇನೆ, ಇದನ್ನು ಇಷ್ಟು ದಿನ ಕಣ್ಣೆತ್ತಿ ನೋಡಿರಲಿಲ್ಲ. ಚೀಟಿಯ ಮೇಲೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು, ಎರಡು ನಿಮಿಷದಲ್ಲಿ ಊರಿಗೆ ಸಂಜೆ ಮಾಡಿಕೊಟ್ಟು ಪಾತ್ರೆ ತೊಳೆಯಲು ಓಡುತ್ತಿದ್ದೆ.

ಸಭೆಯಲ್ಲಿ, ಅಧ್ಯಕ್ಷರ ಎದುರಿಗೆ, ಮೊದಲಿಂದ ಕೊನೇವರೆಗೆ. ಆ ಗುಮಾಸ್ತರ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಪತ್ರಿಕೆಯೆಂದೋ ವಂದನಾರ್ಪಣೆಯೆಂದೋ, ಯಾವ ಹೆಸರಿನ ಕೆಳಗೆ ಓದಬೇಕೆಂದು ಅವರು ಹೇಳಿರಲಿಲ್ಲ.

ಗಂಟೆಯನ್ನು ಅದರ ನಾಲಿಗೆ ಸದ್ದು ಮಾಡದಂತೆ ಹಿಡಿದು ಚೀಲದೊಳಗೆ ಇಟ್ಟೆ. ಹೆಸರುಗಳ ಚೀಟಿಯನ್ನು ಮೇಲಿನಿಂದ ತೆಗೆದು ನನ್ನ ಹಾಳೆಗಳ ಅಡಿಗೆ ಸೇರಿಸಿದೆ. ಯಾರ ಹೆಸರನ್ನೂ ಬಿಡುವುದಿಲ್ಲ, ಪ್ರೊಫೆಸರು, ಮೇಷ್ಟ್ರು, ಯತಿರಾಜ, ಎಲ್ಲರೂ ಬರುತ್ತಾರೆ. ಆದರೆ ಮೊದಲ ವಂದನೆ ಕಾದು ಕೂತವರಿಗೆ. ಅವರು ಮಾಡಿದ್ದೇನು ಎಂದು ಪೂರ್ತಿ ಹೇಳದೆ ಅವರಿಗೆ ವಂದನೆ ಹೇಳಿದ ಹಾಗಾಗುವುದು ಹೇಗೆ? ಹಾಲಿನ ಪಾತ್ರೆಯಿಂದ ಶುರುಮಾಡಿ ಆಸ್ಪತ್ರೆಯ ಬೆಂಚಿನವರೆಗೆ, ಒಂದು ಪುಟವನ್ನೂ ಹಾರಿಸದೆ.

ಯತಿರಾಜ ಮೊದಲ ಸಾಲಿನಲ್ಲಿ ಕೂತು ಎರಡು ಬೆರಳು ಎತ್ತಿ ತೋರಿಸಿದ. ಆಗಲಿ ಎನ್ನುವಂತೆ ಅವನಿಗೆ ತಲೆಯಾಡಿಸಿದೆ. ಕನ್ನಡಕ ತೆಗೆದು, ಸೆರಗಿನಿಂದ ಎರಡೂ ಗಾಜು ಒರೆಸಿ, ಮತ್ತೆ ಹಾಕಿಕೊಂಡೆ. ಕಿಟಕಿಯಾಚೆ ಸೂರ್ಯ ಚಿಮಣಿಯ ಮೇಲೆ ಕೂತಿದ್ದ. ಅವನೂ ಸ್ವಲ್ಪ ಹೊತ್ತು ಕಾಯಲಿ.